ಅಜ್ಜಿಯ ಮಚ್ಚೆ

ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ತಿಂಗಳ ಮೊದಲ ಭಾನುವಾರದ ಕಾರ್ಯಕ್ರಮ ಮುಗಿದಿತ್ತು. ಹೊರಗೆ ಮೊಮ್ಮಗಳೊಬ್ಬಳು ಅಜ್ಜಿಯನ್ನು ಪಕ್ಕಕ್ಕೆ ಎಳೆದುಕೊಂಡು ಸೆಲ್ಫಿ ತೆಗೆದು ತೋರಿಸಿದಳು. ಅಜ್ಜಿ ಕನ್ನಡಕ ಮೇಲೇರಿಸಿ ನೋಡಿ, ಕೊಂಕಣಿಯಲ್ಲಿ, "ಇದು ಯಾರು ಮಗಾ?" ಎಂದು ಕೇಳಿದರು. ಹಣೆಯ ಗೆರೆ, ಗಲ್ಲದ ಮಚ್ಚೆ, ಒಲೆಯ ಮುಂದೆ ಕೂತು ಕೂತು ಕಪ್ಪಾದ ಕೆನ್ನೆ ಎಲ್ಲವನ್ನೂ ಬ್ಯೂಟಿ ಮೋಡ್ ಒರೆಸಿಹಾಕಿತ್ತು. ಚರ್ಮ ನುಣುಪು ಮಾಡುವ ಫಿಲ್ಟರ್ ಅಕ್ಕಪಕ್ಕದ ಚುಕ್ಕೆಗಳ ಬಣ್ಣ ಬೆರೆಸಿ ಒಂದೇ ಸಮ ಮಾಡುತ್ತದೆ; ಕಲೆ ಯಾವುದು, ಎಂಬತ್ತು ವರ್ಷದ ಬದುಕು ಯಾವುದು ಎಂದು ಅದಕ್ಕೆ ತಿಳಿಯದು. ಫೋಟೊ ತಿದ್ದುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಆಟಿ ತಿಂಗಳ ಮೋಡ ಕವಿದ ಮಧ್ಯಾಹ್ನ ತೆಗೆದ ಚಿತ್ರದಲ್ಲಿ ನಮ್ಮೂರ ಮುರಕಲ್ಲಿನ ಗೋಡೆ ನೀಲಿ ಹಿಡಿದು ಮಂಕಾಗಿರುತ್ತದೆ. 'ವಾರ್ಮ್ತ್' ಗುಂಡಿಯನ್ನು ಚೂರು ಬಲಕ್ಕೆ ಸರಿಸಿದರೆ, ಮಳೆಯಲ್ಲಿ ನೆಂದ ಕಲ್ಲಿನ ಆ ಗಾಢ ಕೆಂಪು, ಕಣ್ಣಾರೆ ಕಂಡದ್ದೇ, ಮರಳಿ ಬರುತ್ತದೆ. ಅಂಥ ತಿದ್ದುಪಡಿ ನನಗೆ ಇಷ್ಟ. ಒಂದು ಮಾತು ಮಾತ್ರ ನೆನಪಿರಲಿ: ಗೂಗಲ್ ಫೋಟೋಸ್‌ನಲ್ಲಿ ಆಮೇಲೆ ತಿದ್ದಿ ಉಳಿಸಿದ್ದನ್ನು 'ರಿವರ್ಟ್' ಒತ್ತಿ ಮೊದಲಿನಂತೆ ಮಾಡಬಹುದು, ಆದರೆ ಕ್ಲಿಕ್ಕಿಸುವಾಗಲೇ ಬ್ಯೂಟಿ ಮೋಡ್ ಆನ್ ಇದ್ದರೆ ಸಾಮಾನ್ಯವಾಗಿ ಮೂಲ ಮುಖ ಫೋನಿನಲ್ಲಿ ಎಲ್ಲೂ ಉಳಿದಿರುವುದಿಲ್ಲ. ಗೋಡೆಗೆ ಹಾಕಲು ಅಜ್ಜಿಯ ಚಿತ್ರ ಹುಡುಕುವ ದಿನ ಬಂದಾಗ ಇದು ಮನೆಯವರಿಗೆ ಬಹಳ ನೋವು ಕೊಡುತ್ತದೆ. ಅಂದು ಮೊಮ್ಮಗಳು ಮೋಡ್ ಆಫ್ ಮಾಡಿ ಇನ್ನೊಂದು ತೆಗೆದಳು. ಅಜ್ಜಿ ಪರದೆಯ ಮೇಲಿನ ಮಚ್ಚೆಗೆ ಬೆರಳಿಟ್ಟು, "ಹಾಂ, ಇದು ನಾನು" ಎಂದರು.