‘ಆಂಗ್ರಿ’ ಮುಂದೆ ‘ಆನ್’ ಅಂದರೆ ನಗಬೇಕೇ?



ಕಳೆದ ತಿಂಗಳು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮೇಷ್ಟ್ರು, ತಾಯಿಯ ಬಗ್ಗೆ ಐದು ವಾಕ್ಯ ಬರೆದು ಓದಿ ಅಂದರು. ನಮ್ಮ ತರಗತಿಯ ಒಬ್ಬಳು ಎದ್ದು ನಿಂತು ‘ಮೈ ಮದರ್ ಈಸ್ ಆಂಗ್ರಿ ಆನ್ ಮಿ’ ಎಂದು ಓದಿದಳು. ಮೇಷ್ಟ್ರು ‘ಆನ್ ಅಲ್ಲಮ್ಮ, ವಿತ್’ ಅಂತ ಸಮಾಧಾನವಾಗಿಯೇ ತಿದ್ದಿದರು. ಆದರೆ ಹಿಂದಿನ ಬೆಂಚಿನವರು ‘ಅವರಮ್ಮ ಇವಳ ಮೇಲೆ ಹತ್ತಿ ಕೂತವ್ರಂತೆ’ ಅಂತ ನಕ್ಕರು. ನಾನೂ ನಕ್ಕೆ. ಅವತ್ತಿನಿಂದ ಅವಳಿಗೆ ‘ಆಂಗ್ರಿ ಆನ್’ ಅಂತಲೇ ಅಡ್ಡಹೆಸರು ಬಿತ್ತು. ಈಗ ಅವಳು ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ, ತಲೆ ತಗ್ಗಿಸುತ್ತಾಳೆ.

ಆಮೇಲೆ ಕಿರುಪರೀಕ್ಷೆ ಬಂತು. ನಾನು ‘ಐ ಆಮ್ ಅಫ್ರೇಡ್ ಟು ಡಾಗ್ಸ್’ ಅಂತ ಬರೆದೆ. ಅರ್ಧ ಅಂಕ ಹೋಯಿತು. ಅಲ್ಲಿ ‘ಆಫ್’ ಬರಬೇಕಿತ್ತು. ನಾನ್ಯಾಕೆ ‘ಟು’ ಬರೆದೆ ಅಂತ ಯೋಚಿಸಿದೆ. ನಾವು ‘ನಾಯಿಗೆ ಹೆದರುತ್ತೇನೆ’ ಅನ್ನುತ್ತೇವೆ. ‘ಗೆ’ ಅಂದರೆ ‘ಟು’ ಅಂತ ಕಲಿತಿದ್ದೇವೆ. ಅವಳೂ ಹಾಗೆಯೇ, ‘ನನ್ನ ಮೇಲೆ ಸಿಟ್ಟು’ ಎಂಬುದರ ‘ಮೇಲೆ’ಯನ್ನು ‘ಆನ್’ ಮಾಡಿದ್ದಳು. ಅವಳು ದಡ್ಡಿ ಅಲ್ಲ. ಕನ್ನಡದಲ್ಲಿ ಯೋಚಿಸಿದಳು, ಅಷ್ಟೆ.

ನಮ್ಮ ಕನ್ನಡವೇನು ಸುಲಭವೇ? ‘ನನಗೆ ಅಮ್ಮನ ಮೇಲೆ ಸಿಟ್ಟು’ ಅಂದರೆ ಸಿಟ್ಟು ನನ್ನದು. ‘ಅಮ್ಮನಿಗೆ ನನ್ನ ಮೇಲೆ ಸಿಟ್ಟು’ ಅಂದರೆ ಸಿಟ್ಟು ಅಮ್ಮನದು, ಓಡಬೇಕಾದವನು ನಾನು! ವಿಭಕ್ತಿ ಪ್ರತ್ಯಯ ಅದಲುಬದಲಾದರೆ ಮಾತೇ ತಲೆಕೆಳಗಾಗುತ್ತದೆ. ಕನ್ನಡ ಬಾರದವರು ಇಲ್ಲಿ ತಪ್ಪಿದರೆ ನಾವು ಹೇಳಿಕೊಡುವುದಿಲ್ಲವೇ?

ಕೆಲವು ಕಡೆ ಎರಡು ಭಾಷೆಗಳೂ ಹೊಂದುತ್ತವೆ. ‘ಗಣಿತದಲ್ಲಿ ಆಸಕ್ತಿ’ ಅಂದರೆ ‘ಇಂಟರೆಸ್ಟೆಡ್ ಇನ್ ಮ್ಯಾಥ್ಸ್’. ‘ಪರೀಕ್ಷೆಯ ಬಗ್ಗೆ ಚಿಂತೆ’ ಅಂದರೆ ‘ವರೀಡ್ ಅಬೌಟ್ ದಿ ಎಕ್ಸಾಮ್’. ಆದರೆ ‘ಅಣ್ಣನ ಬಗ್ಗೆ ಹೆಮ್ಮೆ’ ಅನ್ನುವಾಗ ‘ಅಬೌಟ್’ ಅಲ್ಲ, ‘ಪ್ರೌಡ್ ಆಫ್’. ‘ಆಂಗ್ರಿ’ಗಂತೂ ಮನುಷ್ಯರ ಮೇಲಾದರೆ ‘ವಿತ್’, ನಡೆದ ವಿಷಯಕ್ಕಾದರೆ ‘ಅಬೌಟ್’. ಆದ್ದರಿಂದ ಪದಕ್ಕೆ ಪದ ಇಟ್ಟುಕೊಂಡು ಹೋದರೆ ದಾರಿ ತಪ್ಪುತ್ತೇವೆ.

ಪಟ್ಟಿ ಬಾಯಿಪಾಠ ಮಾಡಿ ಅಂತ ಕೆಲವರು ಹೇಳುತ್ತಾರೆ. ನಾನು ಮಾಡಿದೆ. ಬೆಳಿಗ್ಗೆ ಎದ್ದಾಗ ಎಲ್ಲಾ ಕಲಸುಮೇಲೋಗರ. ಆಮೇಲೆ ನಮ್ಮ ಮನೆಯವರನ್ನೇ ಸೇರಿಸಿ ವಾಕ್ಯ ಮಾಡಿದೆ. ‘ಅಜ್ಜಿ ಈಸ್ ಫಾಂಡ್ ಆಫ್ ಕಾಫಿ.’ ‘ಅಪ್ಪ ಈಸ್ ವರೀಡ್ ಅಬೌಟ್ ದಿ ರೈನ್.’ ಇವು ಇನ್ನೂ ಮರೆತಿಲ್ಲ, ಯಾಕೆಂದರೆ ಇವು ನಿಜ.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟು. ‘ಅಫ್ರೇಡ್’ ಒಂದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಾರದು, ‘ಅಫ್ರೇಡ್ ಆಫ್’ ಅಂತ ಜೋಡೆತ್ತಿನ ಹಾಗೆ ಒಟ್ಟಿಗೇ ಬರೆಯಬೇಕು. ಗುರುಗಳಲ್ಲಿ ಒಂದು ವಿನಂತಿ: ಕರಿಹಲಗೆಯಲ್ಲಿ ಸುಭಾಷಿತ ಬರೆಯುವ ಜಾಗದ ಪಕ್ಕ ದಿನಕ್ಕೊಂದು ಜೋಡಿ ಬರೆಸಿ. ಆರು ದಿನಕ್ಕೆ ಆರು ಜೋಡಿ ಬರುತ್ತವೆ.

ಎಲ್ಲಕ್ಕಿಂತ ಮುಖ್ಯ, ಯಾರೂ ನಗಬೇಡಿ. ತಪ್ಪು ಪ್ರಿಪೊಸಿಷನ್ನಿಗೆ ಅರ್ಧ ಅಂಕ ಹೋಗುತ್ತದೆ. ನಕ್ಕರೆ ಒಬ್ಬರ ಮಾತೇ ನಿಂತುಹೋಗುತ್ತದೆ. ಮಾತಾಡದೆ ಇಂಗ್ಲಿಷ್ ಬರುತ್ತದೆಯೇ?

ಆ ಗೆಳತಿಗೆ ಇಲ್ಲಿ ಎಲ್ಲರ ಮುಂದೆಯೇ ಹೇಳುತ್ತೇನೆ: ‘ಐ ಆಮ್ ಸಾರಿ ಫಾರ್ ಲಾಫಿಂಗ್.’ ‘ಫಾರ್’ ಸರಿಯೋ ಅಂತ ಮೇಷ್ಟ್ರನ್ನು ಕೇಳಿಯೇ ಬರೆದಿದ್ದೇನೆ. ನಾಳೆಯಿಂದ ನೀನು ಎದ್ದು ಓದು.

ನಿಮ್ಮ ಅಭಿಪ್ರಾಯವನ್ನೂ ಮುಂದಿನ ಸಂಚಿಕೆಗೆ ಬರೆದು ಕೊಡಿ. ತಪ್ಪಿದ್ದರೆ ತಿದ್ದಿ, ನಗಬೇಡಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ