ಮುಕ್ತಾಳಿಗೆ ಸಿಕ್ಕ ಪುಟ



ಹದಿನಾಲ್ಕು ಹದಿನೈದು ವರ್ಷದ ಹುಡುಗ ಹುಡುಗಿಯರು ಏನು ಬರೆದಾರು, ಮೊದಲು ಓದಿ ಪಾಸಾಗಲಿ, ಒಂದು ಕೆಲಸ ಹಿಡಿಯಲಿ, ಬರೆಯೋದು ಆಮೇಲೆ ಇದ್ದೇ ಇದೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಊರಿನ ಮೇಲ್ಜಾತಿಯವರು ಮಾತ್ರ ಹೀಗೆ ಹೇಳಿದ್ದರೆ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಅಪ್ಪ ಅಮ್ಮಂದಿರೂ ಹೇಳ್ತಾರೆ. ನಮ್ಮದೇ ಸಭೆಗಳಲ್ಲಿ ಮೈಕು ಹಿಡಿಯುವ ಹಿರಿಯರೂ ಹೇಳ್ತಾರೆ. ಅಪ್ಪ ಅಮ್ಮಂದಿರ ಭಯ ನಮಗೆ ಅರ್ಥವಾಗುತ್ತದೆ. ಹಿರಿಯರಿಗೆ ಮಾತ್ರ ಒಂದು ಚರಿತ್ರೆಯನ್ನು ನೆನಪು ಮಾಡಿಕೊಡಬೇಕಾಗಿದೆ.

1855ರಲ್ಲಿ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆ ಒಂದು ಪ್ರಬಂಧವನ್ನು ಎರಡು ಕಂತುಗಳಲ್ಲಿ ಅಚ್ಚು ಮಾಡಿತು. ವಿಷಯ, ಮಾಂಗ ಮಹಾರರ ದುಃಖ. ಬರೆದವಳು ಮುಕ್ತಾ ಸಾಳ್ವೆ, ಪುಣೆಯ ಮಾಂಗ ಜಾತಿಯ ಹುಡುಗಿ. ಮಾಂಗ, ಮಾತಂಗ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಇವೆ, ಅವರು ನಮಗೆ ದೂರದವರಲ್ಲ. ಆಗ ಆಕೆಗೆ ಸುಮಾರು 14 ವರ್ಷ. ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ 1848ರಿಂದ ಪುಣೆಯಲ್ಲಿ ಶಾಲೆಗಳನ್ನು ತೆರೆಯುತ್ತಾ ಬಂದಿದ್ದರು. ಅಂಥ ಶಾಲೆಯಲ್ಲಿ ಮುಕ್ತಾ ಕಲಿತದ್ದು ಮೂರೇ ವರ್ಷ. ಇವತ್ತಿನ ಲೆಕ್ಕದಲ್ಲಿ ಮೂರನೇ ಕ್ಲಾಸು.

ಮೂರು ವರ್ಷದ ಅಕ್ಷರ ಇಟ್ಟುಕೊಂಡು ಆಕೆ ಏನು ಬರೆದಳು? ವೇದ ಬ್ರಾಹ್ಮಣರಿಗೆ ಮಾತ್ರ ಸೇರಿದ್ದು, ನಾವು ಅದನ್ನು ನೋಡಲೂ ಬಾರದು ಅನ್ನುವುದಾದರೆ ನಮಗೆ ಧರ್ಮಗ್ರಂಥವೇ ಇಲ್ಲ ಅಂತಾಯಿತು, ಹಾಗಾದರೆ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ಪೇಶ್ವೆ ಬಾಜಿರಾಯನ ಕಾಲದಲ್ಲಿ ತಾಲೀಮುಖಾನೆಯ ಮುಂದೆ ಹಾದುಹೋದ ಮಾಂಗ ಮಹಾರರ ಗತಿ ಏನಾಗುತ್ತಿತ್ತು, ಅವರ ಕಡಿದ ತಲೆ ಹೇಗೆ ಆಟದ ಚೆಂಡಾಗುತ್ತಿತ್ತು ಅಂತ ಬರೆದಳು. ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ನಮ್ಮ ಹೆಂಗಸರ ಪಾಡನ್ನು ಬರೆದಳು. ಬ್ರಾಹ್ಮಣರ ಮಕ್ಕಳು ಕಲ್ಲು ಹೊಡೆದು ಗಾಯ ಮಾಡಿದರೂ ನಮ್ಮ ಮಕ್ಕಳು ಯಾಕೆ ದೂರು ಹೇಳುವುದಿಲ್ಲ ಎಂಬುದಕ್ಕೂ ಕಾರಣ ಕೊಟ್ಟಳು. ಉಳಿದ ಅನ್ನಕ್ಕೆ ಮತ್ತೆ ಅದೇ ಮನೆಯ ಬಾಗಿಲಿಗೆ ಹೋಗಬೇಕಲ್ಲ!

ಇಷ್ಟಕ್ಕೇ ನಿಲ್ಲಿಸಲಿಲ್ಲ. ಮಹಾರರು ಮಾಂಗರಿಗಿಂತ ತಾವು ಮೇಲು ಅಂದುಕೊಂಡು ಅವರ ನೆರಳಿಗೂ ಮೈಲಿಗೆ ಆಗುತ್ತಾರೆ ಅಂತಲೂ ಹೇಳಿದಳು. ಒಳಮೀಸಲಾತಿಯ ಜಗಳದಲ್ಲಿ ನಾವು ಇವತ್ತೂ ಪಿಸುಗುಟ್ಟಿಕೊಂಡು ಆಡುವ ಮಾತನ್ನು ಆ ಹುಡುಗಿ 1855ರಲ್ಲೇ ಅಚ್ಚಿನಲ್ಲಿ ಹಾಕಿಸಿದಳು. ಹಿರಿಯರು ಹೇಳಲು ಹಿಂಜರಿಯುವ ಮಾತು ಆ ವಯಸ್ಸಿನ ಬಾಯಲ್ಲಿ ಬಂತು. ಹದಿನಾಲ್ಕರ ಬಾಯಿಗೆ ಇರುವ ಬೆಲೆಯೇ ಇದು. ಯಾರ ಮುಲಾಜಿಗೂ ಅದು ಇನ್ನೂ ಬಿದ್ದಿರುವುದಿಲ್ಲ.

ಇದನ್ನು ಓದಿ ಮುಕ್ತಾಳನ್ನು ಹೊಗಳಿ ಫೋಟೋ ಇಟ್ಟು ಹಾರ ಹಾಕಿ ಕೂತರೆ ಏನೂ ಪ್ರಯೋಜನವಿಲ್ಲ. ಆಕೆಯ ಕಥೆಯಲ್ಲಿ ನಮ್ಮನ್ನು ಚುಚ್ಚಬೇಕಾದ ಸಂಗತಿ ಬೇರೆಯೇ ಇದೆ. ಆ ಪ್ರಬಂಧದ ನಂತರ ಆಕೆ ಬರೆದ ಇನ್ನೊಂದು ಸಾಲೂ ಇವತ್ತಿನವರೆಗೆ ನಮ್ಮ ಕೈಗೆ ಸಿಕ್ಕಿಲ್ಲ. ಒಂದು ಶಾಲೆ ಇತ್ತು, ಒಂದು ಪತ್ರಿಕೆ ಪುಟ ಕೊಟ್ಟಿತು, ಒಂದು ಬರಹ ಬಂತು. ಅಷ್ಟೇ. ಆ ಪತ್ರಿಕೆಯೂ ನಮ್ಮದಲ್ಲ, ಅಮೆರಿಕದ ಮಿಷನರಿಗಳದು. ಬೇರೆಯವರ ಜಗಲಿಯಲ್ಲಿ ಒಂದು ದಿನ ಕೂರಲು ಜಾಗ ಸಿಕ್ಕ ಹಾಗೆ.

ಬಾಬಾಸಾಹೇಬರು 'ಮೂಕನಾಯಕ'ವನ್ನು ಹೊರಡಿಸಿದ್ದು 1920ರ ಜನವರಿ 31ರಂದು. ಮುಕ್ತಾಳ ಪ್ರಬಂಧಕ್ಕೂ ಅದಕ್ಕೂ ನಡುವೆ 65 ವರ್ಷ. ಕಾಸು ಕೊಟ್ಟು ಜಾಹೀರಾತು ಹಾಕಿಸುತ್ತೇವೆ ಅಂದರೂ ತಿಲಕರ 'ಕೇಸರಿ' ಅದನ್ನು ಹಾಕಲು ಒಪ್ಪಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರಿಂದ ಪತ್ರಿಕೆ ಶುರುವಾಯಿತು. ಆದರೂ 1923ರ ಹೊತ್ತಿಗೆ ನಿಂತುಹೋಯಿತು. ಬಾಬಾಸಾಹೇಬರು ಸುಮ್ಮನಾಗಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ' ತಂದರು. ಮೂಕರು ಮಾತಾಡಬೇಕಾದರೆ ಮಾತಾಡುವ ಜಾಗ ಮೊದಲು ಬೇಕು, ಆ ಜಾಗ ನಮ್ಮದಾಗಿರಬೇಕು, ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಬೇಕು ಎಂಬುದು ಅವರಿಗೆ ಗೊತ್ತಿತ್ತು.

ಕನ್ನಡದಲ್ಲೂ ನಡೆದದ್ದು ಇದೇ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದಾಗ ಏನೇನಾಯಿತು ಅಂತ ನೀವು ಹಿರಿಯರ ಬಾಯಲ್ಲಿ ಕೇಳಿದ್ದೀರಿ. ಅವರು ಮಂತ್ರಿಗಿರಿ ಬಿಡಬೇಕಾಯಿತು. ಏಟು ತಿಂದವರು ಹಾಸ್ಟೆಲ್ ಹುಡುಗರು. ಬೂಸಾ ಅಂದದ್ದು ಸರಿಯೋ ತಪ್ಪೋ ಎಂಬ ವಾದ ಎಂದೋ ಮುಗಿಯಿತು, ಆ ಹುಡುಗರ ತಲೆಮಾರು ಪೆನ್ನು ಹಿಡಿದದ್ದು ಉಳಿಯಿತು. ಮೈಸೂರಿನಿಂದ 'ಪಂಚಮ' ಬಂತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಅವರಿಗೆ 21 ವರ್ಷ. ಅದನ್ನು ಕೇರಿಯಿಂದ ಕೇರಿಗೆ ಹಾಡಿಕೊಂಡು ಹೋದವರಲ್ಲಿ ಬಹಳ ಮಂದಿ ಅವರಿಗಿಂತಲೂ ಚಿಕ್ಕವರು.

ಹಾಗಾದರೆ ಇವತ್ತು ನಮ್ಮ ಹಾಸ್ಟೆಲುಗಳಲ್ಲಿ ಬರೆಯುವವರು ಇಲ್ಲವೇ? ಇದ್ದಾರೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೀತಾರೆ. ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು ಗೆಳೆಯನಿಗೆ ಕಳಿಸ್ತಾರೆ, ಮಾರನೇ ದಿನ ಅದು ಎಲ್ಲೋ ಕಳೆದುಹೋಗಿರುತ್ತದೆ. ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಇಡುತ್ತಾರೆ ನಿಜ. ವಿಷಯ ಅವರು ಕೊಟ್ಟದ್ದು, ಭಾಷೆ ಅವರು ಒಪ್ಪಿದ್ದು. 'ನಮ್ಮವ್ವ ಜೀತದ ಮನ್ಯಾಗ ಕಸ ಬಳೀತಿದ್ಲು' ಅಂತ ಹುಡುಗಿ ಬರೆದರೆ ಕೆಂಪು ಶಾಯಿ ಮೊದಲು ಬೀಳುವುದು 'ಮನ್ಯಾಗ' ಎಂಬುದರ ಮೇಲೆ. ಜೀತದ ಮೇಲೆ ಅದು ಬೀಳುವುದೇ ಇಲ್ಲ.

ಅದಕ್ಕೇ ನಾವು ಹೀಗೆ ತೀರ್ಮಾನಿಸಿದ್ದೇವೆ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಎರಡು ಪುಟ ಹದಿನೆಂಟು ದಾಟದವರಿಗೆ ಮೀಸಲು. ಬಿಳಿ ಹಾಳೆಯೇ ಬೇಕೆಂದಿಲ್ಲ, ಕೈಬರಹ ಚೆನ್ನಾಗಿರಬೇಕೆಂದಿಲ್ಲ. ಕೇರಿಯ ಮಾತು ಕೇರಿಯ ಮಾತಾಗಿಯೇ ಅಚ್ಚಾಗುತ್ತದೆ. ಏನಾದರೂ ತಿದ್ದಬೇಕಾದರೆ ಬರೆದವರನ್ನು ಕೂರಿಸಿಕೊಂಡು, ಓದಿ ಹೇಳಿ, ಒಪ್ಪಿದ ಮೇಲೆ ತಿದ್ದುತ್ತೇವೆ. ಹೆಸರು ಬೇಡ, ಊರು ಬೇಡ ಅಂದರೆ ಹಾಕುವುದಿಲ್ಲ. ಬರೆದದ್ದಕ್ಕೆ ಹಾಸ್ಟೆಲಿನಲ್ಲಿ, ಊರಿನಲ್ಲಿ ಬೆಲೆ ತೆರಬೇಕಾದವರು ನೀವು, ದೂರದಲ್ಲಿ ಕೂತು ಧೈರ್ಯ ಹೇಳುವುದು ಸುಲಭ ಅಂತ ನಮಗೆ ಗೊತ್ತಿದೆ. ಬರೆದವರಿಗೆ ತೊಂದರೆ ಬಂದರೆ ಬರಹ ಹಾಕಿದವರು ನಾವು ಎಂದು ಮುಂದೆ ನಿಲ್ಲುತ್ತೇವೆ.

ಏನು ಬರೆಯಬೇಕು ಅಂತ ಕೇಳಬೇಡಿ. ಮುಕ್ತಾಳ ದಾರಿ ನೋಡಿ. ಆಕೆ ಬರೀ ಅಳಲಿಲ್ಲ, ಲೆಕ್ಕ ಕೇಳಿದಳು. ನಿಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನ, ಎಷ್ಟು ಕಕ್ಕಸು, ಸಾರಿನಲ್ಲಿ ಬೇಳೆ ಯಾವತ್ತು ಇತ್ತು ಯಾವತ್ತು ಇರಲಿಲ್ಲ, ಶಾಲೆಯಲ್ಲಿ ಕಸ ಹೊಡೆಯಲು ಯಾರ ಹೆಸರು ಕರೆಯುತ್ತಾರೆ, ದಿನಾಂಕ ಹಾಕಿ ಬರೆಯಿರಿ. ದಿನಾಂಕ ಇರುವ ಬರಹವನ್ನು ಅಧಿಕಾರಿ ಸುಲಭವಾಗಿ ಸುಳ್ಳು ಅನ್ನಲಾರ. ಹಾಗಂತ ಗಾಯವನ್ನೇ ಬರೆಯಬೇಕು ಎಂಬ ಕಟ್ಟಳೆಯೂ ಇಲ್ಲ. ನಮ್ಮ ಅಜ್ಜಿ ಹೇಳಿದ ಭೂತದ ಕಥೆ, ಕಬಡ್ಡಿಯಲ್ಲಿ ಗೆದ್ದದ್ದು, ಮೊದಲ ಸಲ ಪ್ರೀತಿ ಮಾಡಿದ್ದು, ಹಬ್ಬದ ದಿನ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ಎಲ್ಲವೂ ನಮ್ಮದೇ. ದಲಿತರ ಮಕ್ಕಳು ನೋವು ಮಾತ್ರ ಬರೆಯಬೇಕು ಎಂದು ಕಾಯುತ್ತಾ ಕೂತವರಿಗೆ ನಾವು ಯಾಕೆ ಕೂಲಿ ಮಾಡಬೇಕು?

ಹೆಣ್ಣುಮಕ್ಕಳ ಹಾಸ್ಟೆಲಿನ ತಂಗಿಯರಿಗೆ ವಿಶೇಷವಾಗಿ ಒಂದು ಮಾತು. ನಮ್ಮಲ್ಲಿ ಅಚ್ಚಾದ ಮೊದಮೊದಲ ಬರಹಗಳಲ್ಲಿ ಒಂದು ಹೆಣ್ಣುಮಗುವಿನದು. ಹಾಗಿದ್ದೂ ಸಭೆಗಳಲ್ಲಿ ನೀವು ಹಿಂದಿನ ಸಾಲಿನಲ್ಲಿ ಕೂರುತ್ತೀರಿ, ಗಂಡುಹುಡುಗರು ಹಾಡುತ್ತಾರೆ. ಎರಡು ಪುಟದಲ್ಲಿ ಒಂದು ನಿಮ್ಮದು. ನೀವು ತುಂಬದಿದ್ದರೆ ಅದನ್ನು ಖಾಲಿಯಾಗಿಯೇ ಬಿಟ್ಟು ಮಾರುತ್ತೇವೆ. ಆ ಖಾಲಿ ಪುಟವನ್ನೂ ಜನ ನೋಡಲಿ.

ಹಿರಿಯ ವಿದ್ಯಾರ್ಥಿಗಳ ಕೆಲಸವೂ ಇದೆ. ಪ್ರತಿ ಹಾಸ್ಟೆಲಿನ ಗೋಡೆಗೆ ಒಂದು ಹಾಳೆ ಅಂಟಿಸಿ. ವಾರಕ್ಕೊಂದು ರಾತ್ರಿ ಊಟವಾದ ಮೇಲೆ ಚಿಕ್ಕವರು ಬರೆದದ್ದನ್ನು ಅವರಿಂದಲೇ ಓದಿಸಿ. ಒಂದು ಸಲ ಬರೆದವರನ್ನು ಎರಡನೇ ಸಲವೂ ಬರೆಸಿ. ಮುಕ್ತಾಳಿಗೆ ಸಿಗದೆ ಹೋದದ್ದು ಎರಡನೆಯ ಪುಟ. ಅದನ್ನು ಕೊಡುವವರು ನಾವೇ, ಬೇರೆ ಯಾರೂ ಬರುವುದಿಲ್ಲ.

ಮುಂದಿನ ಸಭೆಗೆ ಬರುವಾಗ ಬರೆದದ್ದನ್ನು ಜೇಬಿನಲ್ಲಿ ಇಟ್ಟುಕೊಂಡು ಬನ್ನಿ. ಪತ್ರಿಕೆ ಮಾರುವ ಗೆಳೆಯರ ಕೈಗೆ ಕೊಡಿ. ಇನ್ನೊಂದು ಪ್ರತಿ ನಿಮ್ಮ ಟ್ರಂಕಿನಲ್ಲಿರಲಿ.

ಜೈಭೀಮ್.