ಕೇಳಲಾರದ ತೆಗದ ಫೋಟೋ

ಅಕ್ಕಾರ, ತಂಗ್ಯಾರ, ಓಣ್ಯಾಗಿನ ಅವ್ವಾರ, ಈ ಸಲ ಅಡಗಿ ಮಾತ ಬಿಟ್ಟ ಸ್ವಲ್ಪ ಜಗಳದ ಮಾತ ಬರ್ಯಾಕತ್ತೇನಿ. ಸಿಟ್ಟ ಬಂದ್ರೂ ಪೂರಾ ಓದ್ರಿ.

ಝೂಮ್ ಕ್ಯಾಮರಾ ಇರೂದು ಹತ್ರ ಹೋದ್ರ ಹಾರಿ ಹೋಗೂವಂಥಾವಕ್ಕ, ಇಲ್ಲಾ ಹತ್ರ ಹೋಗಾಕ ಬರಲಾರದ್ದಕ್ಕ. ಗೀಜಗ, ಮಿಂಚುಳ್ಳಿ, ಹುಣ್ಣಿವಿ ಚಂದ್ರಾಮ. ಹೆಣ್ಮಗಳೇನ ಹಾರಿ ಹೋಗೂದಿಲ್ಲ. ಆಕಿಗೆ ಕಿವಿ ಐತಿ, ಬಾಯಿ ಐತಿ. ಹತ್ರ ಬಂದ, "ಯವ್ವಾ, ಒಂದ ಫೋಟೋ ತೆಗೀಲಿ?" ಅಂತ ಕೇಳಾಕ ಬರತೈತಿ. ಹಂಗ ಕೇಳಲಾರದ, ದೂರ ನಿಂತ, ಮರಿಗೆ ನಿಂತ ಆಕಿ ಮಾರಿ ಹಿಡ್ಯಾಂವಗ ನಾ ಫೋಟೋ ತೆಗ್ಯಾಂವ ಅನ್ನೂದಿಲ್ಲ, ಕಳ್ಳ ಅಂತೇನಿ.

ಇದನ್ನ ಕ್ಯಾಮರಾ ಮುಟ್ಟಲಾರದಾಕಿ ಹೇಳಾಕತ್ತಿಲ್ಲ. ನನ್ನ ಕಡೆ ಇರೂದು ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 50. 2012ರಾಗ ಬಂದ ಮಾಡೆಲ್, 50 ಪಟ್ಟ ಝೂಮ್. ನಮ್ಮ ಅಣ್ಣ ಹೊಸಾದು ತಗೊಂಡ ಮ್ಯಾಲ ಇದನ್ನ ನನಗ ಕೊಟ್ಟ. ಅರ್ಧಾ ಕಿಲೋಕ್ಕಿಂತ ತುಸು ಜಾಸ್ತಿ ತೂಕ, ಕೊಳ್ಳಾಗ ಹಾಕ್ಕೊಂಡ ತ್ವಾಟಕ್ಕ ಹೋಗಾಕ ಏನೂ ಭಾರ ಆಗೂದಿಲ್ಲ. "ಮೊಬೈಲ್ ಐತೆಲ್ಲ, ಇದ್ಯಾಕವಾ ನಿನಗ?" ಅಂತ ಕೇಳ್ದಾವರು ಭಾಳ ಮಂದಿ. ಹೆಚ್ಚಿನ ಮೊಬೈಲಿನಾಗ ಬೆರಳಿಲೆ ಎಳದ್ರ ಇದ್ದ ಚಿತ್ರಾನ ಹಿಗ್ಗತೈತಿ ಅಷ್ಟ. ಇದರಾಗ ಒಳಗಿನ ಗಾಜ ಹಿಂದ ಮುಂದ ಸರದ ದೂರಿಂದನ್ನ ಖರೇನ ಹತ್ರ ತರತೈತಿ. ಬಾಂವಿ ಮ್ಯಾಲಿನ ಜಾಲಿ ಗಿಡದಾಗ ಗೀಜಗ ಹುಲ್ಲಿನ ಎಳಿ ಹೆಂಗ ಗಂಟ ಹಾಕತೈತಿ ಅನ್ನೂದನ್ನ ನಾ ದಂಡಿ ಮ್ಯಾಲ ಕುಂತ ನೋಡೇನಿ. ಚಂದ್ರಾಮನ ಮಾರಿ ಮ್ಯಾಲಿನ ತೆಗ್ಗ ನೋಡಬೇಕಂದ್ರ ಹುಣ್ಣಿವಿ ದಿನಾ ಬ್ಯಾಡ, ಅಷ್ಟಮಿ ಆಜೂಬಾಜೂ ತೆಗೀರಿ. ಬೆಳಕ ಅಡ್ಡ ಬಿದ್ದಿರತೈತಿ, ನೆಳ್ಳಿಗೆ ತೆಗ್ಗ ಎದ್ದ ಕಾಣತಾವ.

ಕೊರತಿನೂ ಅದಾವು. ಒಳಗಿನ ಸೆನ್ಸರ್ ಅಗದಿ ಸಣ್ಣದು, ಉಗುರಿನಷ್ಟ ಸುದ್ದಾ ಇಲ್ಲ. ಸಂಜಿ ಆತಂದ್ರ ಚಿತ್ರದ ತುಂಬ ರವೆ ಚೆಲ್ಲಿದಂಗ ಕಾಳ ಕಾಳ. ಬ್ಯಾಸಗಿ ಮಧ್ಯಾನ ಪೂರಾ ಝೂಮ್ ಮಾಡಿದ್ರ ಝಳಕ್ಕ ಎಲ್ಲಾ ನೀರಾಗ ಅಲ್ಲಾಡಿದಂಗ ಬರತೈತಿ. ಮುಂಜಾನಿ ಚಲೋ. ಮೊಣಕೈ ಗ್ವಾಡಿ ಮ್ಯಾಲ ಊರಬೇಕು, ಎರಡ ಸೆಕೆಂಡಿನ ಟೈಮರ್ ಹಚ್ಚಬೇಕು. ಕೈ ನಡಗೂದು ಚಿತ್ರದಾಗ ಬರೂದಿಲ್ಲ.

ಇನ್ನ ಲೆಕ್ಕಾ ಕೇಳ್ರಿ. ಈ 50 ಪಟ್ಟ ಝೂಮಿನಾಗ 100 ಮೀಟರ್ ದೂರಿನಿಂದ ಒಬ್ಬ ಮನಶ್ಯಾ ತಲಿಯಿಂದ ಕಾಲಿನ ತನಕ ಚೌಕಟ್ಟ ತುಂಬತಾನ. 2018ರಾಗ ನಿಕಾನ್ ಪಿ1000 ಬಂತು, 125 ಪಟ್ಟ. ಅಷ್ಟ ದೂರಿಂದ ಅದರಾಗ ತಲಿಯಿಂದ ನಡದ ತನಕ ತುಂಬತೈತಿ, ಮೂಗಿನ್ಯಾಗಿನ ನತ್ತ ಸುದ್ದಾ ಕಾಣತೈತಿ. 100 ಮೀಟರ್ ಅಂದ್ರ ನಮ್ಮ ಮನಿಯಿಂದ ಓಣಿ ದಾಟಿ ಆಕಡಿ ಓಣಿ. ಅಲ್ಲಿ ನಿಂತಾಂವನ ಕೈಯಾಗ ಕ್ಯಾಮರಾ ಐತೋ ಛತ್ರಿ ಐತೋ ನಿಮಗ ತಿಳ್ಯೂದಿಲ್ಲ. ಮೊದಲಿನ ಕಾಲದಾಗ ಫೋಟೋ ತೆಗ್ಯಾಂವ ಎದರಿಗೆ ಬಂದ ನಿಂದರಬೇಕಿತ್ತು. ಬ್ಯಾಡಂದ್ರ ಸೆರಗ ಅಡ್ಡ ಹಿಡೀತಿದ್ವಿ, ಇಲ್ಲಾ ಬೈದ ಕಳಸ್ತಿದ್ವಿ. ಈಗ ಬ್ಯಾಡ ಅನ್ನಾಕ ನಮಗ ಗೊತ್ತ ಆಗಬೇಕಲ್ಲ?

ನಮ್ಮ ಬಳಗದಾಗಿನ ಒಂದ ಹುಡುಗಿ. ಜಾತ್ರ್ಯಾಗ ಜಳಕಾ ಮಾಡಿ, ಒದ್ದಿ ಸೀರ್ಯಾಗ ಕೂದಲಾ ಹಿಂಡ್ಕೊಂತ ನಿಂತಿದ್ಲು. ಯಾಂವೋ ಒಬ್ಬ ದೂರಿಂದ ತಗದ. "ಭಕ್ತಿ ಭಾವ" ಅಂತ ಬರದ ಹಾಕಿದ. ಆ ಚಿತ್ರಾ ಮೂರ ದಿನದಾಗ ಮೊಬೈಲಿನಿಂದ ಮೊಬೈಲಿಗೆ ಹರದಾಡಿ ಆಕಿ ಅತ್ತಿ ಮನಿಗೂ ಬಂತು. ಬೈಸ್ಕೊಂಡಾಕಿ ಯಾರು? ಆಕೀನ. "ಸೆರಗ ಸರಿ ಇರಬಾರದಾ? ಮಂದಿ ನಡುವ ಹಂಗ್ಯಾಕ ನಿಂತಿ?" ಬೈದಾವರು ಗಂಡಸರಿಗಿಂತ ಹೆಚ್ಚ ನಾವ, ಹೆಂಗಸರ. ತಗದಾಂವಗ ಯಾರೂ ಒಂದ ಮಾತ ಅನ್ನಲಿಲ್ಲ. ಮುಂದಿನ ವರ್ಷ ಆಕಿ ಜಾತ್ರಿಗೆ ಬರಲೇ ಇಲ್ಲ. ಇದ ನನ್ನ ಹೊಟ್ಟ್ಯಾಗ ಕುಂತೈತಿ.

ನಾ ಈ ಮಾತ ತಗದ್ರ ಹುಡುಗೂರು ಎರಡ ಉತ್ತರಾ ಕೊಡತಾರ. ಒಂದ, "ಕಾಕು, ಕೇಳಿ ತಗದ್ರ ಮಾರಿ ಬಿಗದಕೊಂಡ ನಿಂದರತಾರ, ಸಹಜ ಬರೂದಿಲ್ಲ." ಖರೆ ಐತಿ. ಮೊದಲಿನ ಎರಡ ಫೋಟೋದಾಗ ಎಲ್ಲಾರೂ ಪಾಸ್‌ಪೋರ್ಟ್ ಫೋಟೋಕ್ಕ ನಿಂತಂಗ ನಿಂದರತಾರ. ಅಲ್ಲೇ ಕುಂಡರ್ರಿ, ಮಳಿ ಸುದ್ದಿ, ಕಬ್ಬಿನ ಬಿಲ್ಲಿನ ಸುದ್ದಿ ಮಾತಾಡ್ರಿ. ಹತ್ತ ನಿಮಿಷದಾಗ ಕ್ಯಾಮರಾ ಮರೀತಾರ. ರೊಟ್ಟಿ ಬಡಿಯೂ ನಮ್ಮ ಆತ್ಯಾನ ಚಲೋ ಫೋಟೋ ನಾ ತಗದದ್ದ ಹಂಗನ, ಎರಡ ಮಾರ ದೂರ ಕುಂತ. ಅದಕ್ಕ ಝೂಮ್ ಬೇಕಾಗಲೇ ಇಲ್ಲ.

ಎರಡನೇದು, "ಜಾತ್ರಿ ಅಂದ್ರ ಎಲ್ಲಾರ ಜಾಗಾ, ಯಾರನ್ನಂತ ಕೇಳೂದು?" ಚಿಂಚಲಿ ಮಾಯಕ್ಕನ ಜಾತ್ರ್ಯಾಗ ಗಾಡಿ, ಎತ್ತು, ಭಂಡಾರಾ, ಮಂದೀ ಸಾಗರ ತೆಗೀರಿ, ಯಾರ ಬ್ಯಾಡ ಅಂದಾರ? ಗದ್ದಲದಾಗ ನನ್ನ ಮಾರೀನೂ ಒಂದ ಮೂಲ್ಯಾಗ ಬಂದ್ರ ಬರಲಿ. ಆದ್ರ ಸಾವಿರ ಮಂದ್ಯಾಗ ಒಬ್ಬಾಕೀನ್ನ ಆರಿಸಿ ಆಕಿ ಕುತಗಿ, ಆಕಿ ಬೆನ್ನ ಎಳಕೊಂಡ್ರ ಅದ ಜಾತ್ರಿ ಫೋಟೋ ಅಲ್ಲ.

ಕಾನೂನಿನ ಮಾತ ತಿಳಕೊಂಡಿರ್ರಿ. ಹೆಣ್ಮಗಳು ಯಾರೂ ನೋಡೂದಿಲ್ಲಂತ ತಿಳದ ಬಚ್ಚಲದಾಗ, ಬಟ್ಟಿ ಬದಲಿಸೂ ಕ್ವಾಣ್ಯಾಗ ಇದ್ದಾಗ ಆಕೀನ್ನ ಕದ್ದ ನೋಡೂದು, ಫೋಟೋ ತೆಗ್ಯೂದು ಅಪರಾಧ. 2013ರಿಂದ ಐಪಿಸಿ 354ಸಿ ಅಂತಿತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ. ಮೊದಲನೇ ಸಲಕ್ಕ ಒಂದರಿಂದ ಮೂರ ವರ್ಷ ಜೈಲು, ದಂಡ ಬ್ಯಾರೆ. ಅಂಥಾ ಫೋಟೋಕ್ಕ ಆಕಿ ಹೂಂ ಅಂದಿದ್ರೂ, ಮಂದಿಗೆ ಹಂಚಾಕ ಹೂಂ ಅಂದಿಲ್ಲಂದ್ರ ಹಂಚೂದು ಅದ ಅಪರಾಧಾನ. ಆದ್ರ ಬಯಲಾಗ ಬಟ್ಟಿ ಉಟ್ಟ ನಿಂತಾಕಿ ಫೋಟೋಕ್ಕ ಈ ಕಲಂ ಬರೂದಿಲ್ಲ. ಅಲ್ಲಿ ಮೊದಲ ಕೆಲಸಾ ಮಾಡಬೇಕಾದದ್ದು ಮರ್ಯಾದಿ. ಮರ್ಯಾದಿ ಕಲಸಾವರು ಮನ್ಯಾಗಿನ ನಾವು.

ಹೋಮೈ ವ್ಯಾರಾವಾಲಾ ಅಂತ ಒಬ್ಬಾಕಿ ಇದ್ಲು, ದೇಶದ ಮೊದಲನೇ ಪತ್ರಿಕಾ ಛಾಯಾಗ್ರಾಹಕಿ. 1913ರಾಗ ಹುಟ್ಟಿದಾಕಿ. ಸೀರಿ ಉಟಗೊಂಡ, ದೊಡ್ಡ ಕ್ಯಾಮರಾ ಹೊತಗೊಂಡ ನೆಹರೂ, ಮೌಂಟ್‌ಬ್ಯಾಟನ್‌ರ ಫೋಟೋ ತಗದ್ಲು. 1970ರಾಗ ಕ್ಯಾಮರಾ ಕೆಳಗ ಇಟ್ಟಬಿಟ್ಲು, ಹೊಸಾ ಫೋಟೋದವರ ನಡತಿ ನೋಡಿ ಬ್ಯಾಸತ್ತು. 2011ರಾಗ ಪದ್ಮವಿಭೂಷಣ ಕೊಟ್ಟರು. ಆಕಿ ಬಿಟ್ಟಳಂತ ನಾವೂ ಬಿಡಬೇಕಾ? ನಾ ಅಂತೂ ಬಿಡೂದಿಲ್ಲ. "ಕ್ಯಾಮರಾದಿಂದನ ಇದೆಲ್ಲಾ, ಮಾರಿಬಿಡು" ಅಂತೀರಲ್ಲ ವೈನಿ, ಈಳಿಗಿಯಿಂದ ಕೈ ಕೊಯ್ದ್ರ ಈಳಿಗಿ ಮಾರತೀರೇನು?

ನಮ್ಮವರದೂ ಒಂದ ಹೇಳಿಬಿಡತೇನಿ. ಮಲಗಿದ ಮುದಕಿ ಫೋಟೋ, ಬತ್ತಲೆ ಜಳಕಾ ಮಾಡೂ ಕೂಸಿನ ಫೋಟೋ ಸ್ಟೇಟಸ್ಸಿಗೆ ಹಾಕೂದು ನಮ್ಮ ಹೆಣ್ಮಕ್ಕಳಾನ. ಕೂಸ ದೊಡ್ಡದಾದ ಮ್ಯಾಲ ಆ ಫೋಟೋ ಯಾರ ಮೊಬೈಲಿನಾಗ ಇರತೈತಿ ಅಂತ ಲೆಕ್ಕಾ ಇಟ್ಟೀರೇನು? ಮುದಕೀನ್ನ ಎಬ್ಬಿಸಿ, ಕೂದಲಾ ಬಾಚಿ, ಕೇಳಿ ತೆಗೀರಿ. ಆಕಿಗೂ ಚಲೋ ಕಾಣೂ ಆಶಾ ಇರತೈತಿ.

ನಿಮ್ಮ ಮನಿ ಹುಡುಗ ಜಾತ್ರಿಯಿಂದ ಬಂದಾಗ ಹೊಟ್ಟಿಗೆ ಹಾಕೂಕಿಂತ ಮೊದಲ ಕ್ಯಾಮರಾ ಈಸ್ಕೊಂಡ ಹಿಂದಿನ ಪರದೆ ಮ್ಯಾಲ ಒಂದೊಂದ ನೋಡ್ರಿ. ಗುರತ ಇಲ್ಲದ ಹೆಣ್ಮಗಳ ಮಾರಿ ತುಂಬ ಇದ್ರ, "ಯಾರೊ ಈಕಿ? ಕೇಳಿದ್ಯಾ?" ಅನ್ನ್ರಿ. ಉತ್ತರಾ ಇಲ್ಲಂದ್ರ ನಿಮ್ಮ ಎದರಿಗೇ ಅಳಸಲಿ.

ಭಾರತ ಹುಣ್ಣಿವಿಗೆ ನಾ ಚಿಂಚಲಿಗೆ ಬರತೇನಿ, ಕ್ಯಾಮರಾ ಕೊಳ್ಳಾಗ ಇರತೈತಿ. ಫೋಟೋ ಬೇಕಾದಾವರು ಕರೀರಿ, ಕಾಗದದ ಮ್ಯಾಲ ತಗಸಿ ಕೊಡತೇನಿ. ಬ್ಯಾಡಾದಾವರು ದೂರಿಂದ ಕೈ ಅಲ್ಲಾಡಸ್ರಿ, ನನಗ ಚಲೋತ್ನಾಗಿ ಕಾಣತೈತಿ.